ಉಬ್ಬರ ಇಳಿತದ ನಡುವಿನ ನೆಲ ಯಾರದು?

ಮಲ್ಪೆಗೋ ಮರವಂತೆಗೋ ಗೋಕರ್ಣಕ್ಕೋ ಶಾಲೆಯ ಪ್ರವಾಸ ಹೋಗಿಬಂದವರು ನಿಮ್ಮಲ್ಲಿ ಅನೇಕರಿರಬಹುದು. ಕರಾವಳಿಯಲ್ಲೇ ಹುಟ್ಟಿದವರಿಗಂತೂ ಸಮುದ್ರವೆಂದರೆ ಮನೆಯ ಹಿತ್ತಲಿದ್ದಂತೆ. ಇಳಿತದ ಹೊತ್ತಿನಲ್ಲಿ ಒದ್ದೆ ಮರಳಿನ ಮೇಲೆ ನಡೆಯುವಾಗ ಒಂದು ಸಂಗತಿಯನ್ನು ಯೋಚಿಸಿ. ನೀವು ಕಾಲೂರಿ ನಿಂತ ಜಾಗ ಸುಮಾರು ಆರು ಗಂಟೆಗಳ ಹಿಂದೆ ನೀರಿನಡಿಯಲ್ಲಿತ್ತು. ಇನ್ನಾರು ಗಂಟೆ ಕಳೆದರೆ ಮತ್ತೆ ನೀರಿನಡಿಗೆ ಹೋಗುತ್ತದೆ. ದಿನಕ್ಕೆ ಎರಡು ಬಾರಿ ಕಡಲಾಗಿ, ಎರಡು ಬಾರಿ ನೆಲವಾಗುವ ಈ ಪಟ್ಟಿಗೆ ಒಡೆಯರು ಯಾರು? ಇದಕ್ಕೆ ಬೇಲಿ ಹಾಕಬಹುದೇ? ಮಾರಬಹುದೇ? ‘ಇದು ನಮ್ಮ ಜಾಗ, ನೀವು ಆಚೆ ಹೋಗಿ’ ಎಂದು ಯಾರಾದರೂ ನಿಮ್ಮನ್ನು ತಡೆದರೆ, ತಡೆಯುವ ಹಕ್ಕು ಅವರಿಗಿದೆಯೇ?

ಕಿರುತೆರೆಯ ಮೇಲಾದರೆ ಚಿತ್ರ ತೋರಿಸುವುದು ಸುಲಭ. ಇಲ್ಲಿ ನೀವೇ ಬರೆದುಕೊಳ್ಳಬೇಕು. ಒಂದು ಹಾಳೆಯ ಮೇಲೆ ಎರಡು ಗೆರೆಗಳನ್ನು ಎಳೆಯಿರಿ. ಉಬ್ಬರದ ನೀರು ಏರಿ ನಿಲ್ಲುವ ಗೆರೆ ಒಂದು. ನೀರು ಹಿಂದೆ ಸರಿದು ನಿಲ್ಲುವ ಗೆರೆ ಇನ್ನೊಂದು. ಮೊದಲನೆಯದರ ಈಚೆಗೆ ತೆಂಗಿನ ತೋಟ, ಮನೆ, ರಸ್ತೆ. ಎರಡನೆಯದರ ಆಚೆಗೆ ಕಡಲು. ನಡುವೆ ಉಳಿದದ್ದೇ ನಮ್ಮ ವಿಷಯ. ನಮ್ಮ ಕರಾವಳಿಯಲ್ಲಿ ನೀರು ಏರಿ ಇಳಿಯುವುದು ಒಂದೂವರೆ ಎರಡು ಮೀಟರಿನಷ್ಟು ಮಾತ್ರ. ಆದರೆ ನೆಲ ಇಳಿಜಾರು ಕಡಮೆಯಿದ್ದ ಕಡೆ, ಅದರಲ್ಲೂ ಅಳಿವೆಗಳಲ್ಲಿ, ಅಷ್ಟು ಏರಿಳಿತವೇ ದೊಡ್ಡ ಬಯಲನ್ನು ಮುಳುಗಿಸಿ ಎಬ್ಬಿಸುತ್ತದೆ.

ಪ್ರವಾಸಿಗೆ ಇದು ಗಾಳಿ ಸೇವನೆಯ ಜಾಗ. ಮೀನುಗಾರನಿಗೆ ಇದೇ ಅಂಗಡಿ, ಇದೇ ಗದ್ದೆ. ಹಿಂದೆ ನಮ್ಮ ಕರಾವಳಿಯಲ್ಲಿ ರಂಪಣಿ ಬಲೆ ಇತ್ತು. ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರಾಕಾರದಲ್ಲಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಅದರ ಚಿಕ್ಕ ರೂಪವಾದ ಕೈರಂಪಣಿ ಇಂದಿಗೂ ಇದೆ. ಇಂತಹ ಬಲೆಗೆ ಕಡಲಷ್ಟೇ ಸಾಲದು, ಉದ್ದಕ್ಕೂ ತೆರೆದ ದಡವೂ ಬೇಕು. ದೋಣಿ ಎಳೆದಿಡಲು, ಬಲೆ ಹರಡಲು, ಮೀನು ಒಣಗಿಸಲು ಬೇಕಾದದ್ದೂ ಅದೇ ದಡ. ಅಲ್ಲೊಂದು ಗೋಡೆ ಎದ್ದಿತೆಂದರೆ, ಕಡಲು ಇದ್ದೂ ಇಲ್ಲದಂತೆ.

ರೋಮ್‌ನಿಂದ ಬಂದ ಮಾತು

ಈ ಪ್ರಶ್ನೆ ಹೊಸದಲ್ಲ. ರೋಮನ್ ಚಕ್ರವರ್ತಿ ಜಸ್ಟಿನಿಯನ್ ಕ್ರಿ.ಶ. 533ರಲ್ಲಿ ಕಾನೂನು ವಿದ್ಯಾರ್ಥಿಗಳಿಗಾಗಿ ಒಂದು ಪಠ್ಯವನ್ನು ಹೊರತಂದನು. ಗಾಳಿ, ಹರಿಯುವ ನೀರು, ಸಮುದ್ರ, ಸಮುದ್ರದ ದಡ, ಇವು ನಿಸರ್ಗನಿಯಮದಂತೆ ಎಲ್ಲರಿಗೂ ಸೇರಿದವು ಎಂಬುದು ಅದರಲ್ಲಿ ಬರುವ ವಿಚಾರ. ದಡವೆಂದರೆ ಎಲ್ಲಿಯವರೆಗೆ? ಚಳಿಗಾಲದ ಅತಿ ದೊಡ್ಡ ಅಲೆ ಮುಟ್ಟುವವರೆಗೆ. ಬಲೆ ಒಣಗಿಸಲು, ತಂಗುವುದಕ್ಕೆ ಒಂದು ಗುಡಿಸಲು ಹಾಕಿಕೊಳ್ಳಲು ಯಾರಿಗೂ ಅಡ್ಡಿಯಿಲ್ಲ ಎಂದೂ ಅಲ್ಲಿ ಹೇಳಿದೆ. ಸಾವಿರದ ನಾನೂರು ವರ್ಷಗಳಿಗೂ ಹಿಂದಿನ ಕಾನೂನು ಪುಸ್ತಕದಲ್ಲಿ ಬಲೆ ಒಣಗಿಸುವವನಿಗೆ ಒಂದು ಸಾಲು ಸಿಕ್ಕಿರುವುದು ನನಗಂತೂ ಸೋಜಿಗವೆನಿಸುತ್ತದೆ.

ಇಂಗ್ಲೆಂಡಿನಲ್ಲಿ ಇದು ಬೇರೆ ರೂಪ ತಾಳಿತು. ಅಲ್ಲಿ ನೆಲವೆಂದರೆ ಯಾರಾದರೊಬ್ಬರ ಹೆಸರಿನಲ್ಲಿ ಇರಲೇಬೇಕು. ಆದ್ದರಿಂದ ಉಬ್ಬರದ ಗೆರೆಯ ಕೆಳಗಿನ ನೆಲ ರಾಜನದು ಎಂದಾಯಿತು. ಆದರೆ ದೋಣಿ ನಡೆಸುವ, ಮೀನು ಹಿಡಿಯುವ ಪ್ರಜೆಗಳ ಹಕ್ಕನ್ನು ಆ ಒಡೆತನ ನುಂಗುವಂತಿಲ್ಲ. 1215ರ ಮ್ಯಾಗ್ನಾ ಕಾರ್ಟಾದಲ್ಲಿ ಥೇಮ್ಸ್ ಮುಂತಾದ ನದಿಗಳಿಗೆ ಅಡ್ಡಲಾಗಿ ಹಾಕಿದ್ದ ಮೀನುಕಟ್ಟೆಗಳನ್ನು ಕಿತ್ತುಹಾಕಬೇಕೆಂಬ ಷರತ್ತು ಇದೆ. ದೋಣಿಗಳಿಗೆ ದಾರಿ ಬೇಕಿತ್ತಲ್ಲ!

ಇದರಿಂದ ಒಂದು ನೆಲಕ್ಕೆ ಎರಡು ಪದರದ ಹಕ್ಕುಗಳು ಹುಟ್ಟಿದವು. ಮೇಲ್ನೋಟಕ್ಕೆ ಇದು ಗೊಂದಲವೆನಿಸಬಹುದು, ಆದರೆ ನಮಗೆ ಪರಿಚಯವಿಲ್ಲದ ಸಂಗತಿಯೇನೂ ಅಲ್ಲ. ದೇವಸ್ಥಾನದ ಮೊಕ್ತೇಸರರನ್ನು ನೆನೆಯಿರಿ. ಬೀಗದ ಕೈ ಅವರ ಬಳಿ ಇರುತ್ತದೆ. ಗೇಣಿ ವಸೂಲಿ, ಲೆಕ್ಕಪತ್ರ, ರಿಪೇರಿ ಎಲ್ಲವೂ ಅವರದೇ. ಹಾಗೆಂದು ದೇವರ ಗದ್ದೆಯನ್ನು ಮಗನ ಹೆಸರಿಗೆ ಬರೆದುಕೊಡಲಾದೀತೇ? ಅವರ ಕೈಯಲ್ಲಿರುವುದು ಒಡೆತನವಲ್ಲ, ಹೊಣೆ. ಸರ್ಕಾರವನ್ನು ಕಡಲ ದಡದ ಮೊಕ್ತೇಸರ ಎಂದು ಭಾವಿಸುವುದೇ ‘ಪಬ್ಲಿಕ್ ಟ್ರಸ್ಟ್’ ತತ್ವ. ಕನ್ನಡದಲ್ಲಿ ಸಾರ್ವಜನಿಕ ನ್ಯಾಸ ತತ್ವ ಎನ್ನಬಹುದು. ನ್ಯಾಸವೆಂದರೆ ನಂಬಿ ಇರಿಸಿದ್ದು.

ಸಿಂಪಿ, ಗಾಳ ಮತ್ತು ರೈಲು ಕಂಪನಿ

ಈ ತತ್ವ ನಿಜವಾಗಿ ಬೆಳೆದದ್ದು ಅಮೆರಿಕದ ನ್ಯಾಯಾಲಯಗಳಲ್ಲಿ. 1821ರಲ್ಲಿ ನ್ಯೂಜೆರ್ಸಿಯಲ್ಲಿ ಒಂದು ಮೊಕದ್ದಮೆ ತೀರ್ಮಾನವಾಯಿತು. ರಾರಿಟನ್ ನದಿಯ ದಡದಲ್ಲಿ ಜಮೀನಿದ್ದ ಒಬ್ಬಾತ ಮುಂದಿನ ನೀರಿನಲ್ಲಿ ಸಿಂಪಿಗಳನ್ನು ಬೆಳೆಸಿದ್ದ. ಇನ್ನೊಬ್ಬ ಬಂದು ಅವನ್ನು ತೆಗೆದುಕೊಂಡು ಹೋದ. ಉಬ್ಬರದ ನೀರಿನಡಿಯ ನೆಲ ಜನರಿಗೆ ಸೇರಿದ್ದು, ದಡದ ಜಮೀನಿನ ಪತ್ರ ಅಲ್ಲಿಯವರೆಗೆ ಚಾಚುವುದಿಲ್ಲ ಎಂದು ನ್ಯಾಯಾಲಯ ಹೇಳಿತು. ಸಿಂಪಿ ಬೆಳೆಸಿದವನು ಸೋತ. ಪಾಪ ಅನ್ನಿಸಬಹುದು. ತತ್ವ ದೊಡ್ಡದಾದರೂ ಅದರ ಭಾರ ಕೆಲವೊಮ್ಮೆ ದುಡಿದವನ ಮೇಲೆಯೇ ಬೀಳುತ್ತದೆ. ಇದನ್ನು ಮರೆಯಬೇಡಿ, ಮುಂದೆ ನಮ್ಮಲ್ಲೂ ಇದೇ ಬರುತ್ತದೆ.

ಎಲ್ಲ ರಾಜ್ಯಗಳೂ ಒಂದೇ ದಾರಿ ಹಿಡಿಯಲಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ವಸಾಹತು ಕಾಲದ, 1640ರ ದಶಕದ ಒಂದು ಕಟ್ಟಳೆಯಿದೆ. ಜನ ತಮ್ಮ ಖರ್ಚಿನಲ್ಲೇ ಹಡಗುಕಟ್ಟೆ ಕಟ್ಟಲಿ ಎಂಬ ಆಸೆಯಿಂದ ಇಳಿತದ ಗೆರೆಯವರೆಗೂ, ಹೆಚ್ಚೆಂದರೆ ಸುಮಾರು 500 ಮೀಟರುಗಳವರೆಗೆ, ದಡದ ಜಮೀನುದಾರನಿಗೇ ನೆಲವನ್ನು ಬಿಟ್ಟುಕೊಟ್ಟರು. ಸಾರ್ವಜನಿಕರಿಗೆ ಉಳಿದದ್ದು ಮೂರು ಹಕ್ಕು: ಮೀನು ಹಿಡಿಯುವುದು, ಹಕ್ಕಿ ಬೇಟೆಯಾಡುವುದು, ದೋಣಿ ನಡೆಸುವುದು. ಇದರ ಫಲ ಇಂದಿಗೂ ವಿಚಿತ್ರ. ಅಲ್ಲಿ ಖಾಸಗಿ ದಡದ ಒದ್ದೆ ಮರಳಿನ ಮೇಲೆ ಕೈಬೀಸಿಕೊಂಡು ನಡೆದರೆ ಅತಿಕ್ರಮ ಪ್ರವೇಶವಾದೀತು. ಕೈಯಲ್ಲೊಂದು ಗಾಳ ಹಿಡಿದು ಮೀನಿಗೆಂದು ಹೊರಟರೆ ಯಾರೂ ತಡೆಯುವಂತಿಲ್ಲ!

ಎಲ್ಲಕ್ಕಿಂತ ದೊಡ್ಡ ಪ್ರಕರಣ ಚಿಕಾಗೋದ್ದು. 1869ರಲ್ಲಿ ಇಲಿನಾಯ್ ರಾಜ್ಯದ ಶಾಸನಸಭೆಯು, ರಾಜ್ಯಪಾಲರು ಒಪ್ಪದಿದ್ದರೂ, ಮಿಚಿಗನ್ ಸರೋವರದ ತಳದ ಸಾವಿರ ಎಕರೆಗೂ ಹೆಚ್ಚು ಭಾಗವನ್ನು ಇಲಿನಾಯ್ ಸೆಂಟ್ರಲ್ ಎಂಬ ರೈಲು ಕಂಪನಿಗೆ ಬರೆದುಕೊಟ್ಟಿತು. ಚಿಕಾಗೋ ಬಂದರಿನ ಬಹುಭಾಗ ಅದರಲ್ಲಿ ಸೇರಿತ್ತು. ನಾಲ್ಕು ವರ್ಷಗಳಲ್ಲಿ ಶಾಸನಸಭೆಗೆ ಬುದ್ಧಿ ಬಂತು. 1873ರಲ್ಲಿ ಕೊಟ್ಟದ್ದನ್ನು ಹಿಂತೆಗೆದುಕೊಂಡಿತು. ‘ಕೊಟ್ಟ ದಾನ ಹಿಂದಕ್ಕೆ ಪಡೆಯುವುದು ಯಾವ ನ್ಯಾಯ?’ ಎಂದು ಕಂಪನಿ ಕೇಳಿತು. ಕೇಳುವುದರಲ್ಲಿ ಅರ್ಥವಿತ್ತು. ಮಾರಿದ ಜಮೀನನ್ನು ಸರ್ಕಾರ ಮನಸ್ಸು ಬದಲಾದಾಗಲೆಲ್ಲ ಕಿತ್ತುಕೊಳ್ಳುವಂತಿದ್ದರೆ ಯಾರ ಆಸ್ತಿಗೆ ಭದ್ರತೆ?

1892ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ಉಳಿದಿಬ್ಬರು ಭಾಗವಹಿಸಲಿಲ್ಲ. ಒಬ್ಬರು ಹಿಂದೆ ಚಿಕಾಗೋ ನಗರದ ವಕೀಲರಾಗಿದ್ದವರು, ಇನ್ನೊಬ್ಬರ ಬಳಿ ಆ ಕಂಪನಿಯ ಷೇರುಗಳಿದ್ದವು. ಬಹುಮತದ ತೀರ್ಪು ಬರೆದ ಸ್ಟೀಫನ್ ಫೀಲ್ಡ್ ಖಾಸಗಿ ಆಸ್ತಿಯ ಹಕ್ಕನ್ನು ಗಟ್ಟಿಯಾಗಿ ಸಮರ್ಥಿಸುತ್ತಿದ್ದವರು. ಅಂಥವರೇ ಹೇಳಿದ್ದೇನೆಂದರೆ, ಈ ನೆಲವನ್ನು ರಾಜ್ಯ ಹಿಡಿದಿರುವುದು ಜನರ ಪರವಾಗಿ. ಹಡಗುಕಟ್ಟೆಯಂಥ ಕೆಲಸಕ್ಕೆ ತುಂಡು ಭಾಗಗಳನ್ನು ಕೊಡಬಹುದು, ಏಕೆಂದರೆ ಅದರಿಂದ ನೌಕಾಸಂಚಾರಕ್ಕೆ ಉಪಕಾರವೇ. ಆದರೆ ಇಡೀ ಬಂದರಿನ ಮೇಲಿನ ಹೊಣೆಯನ್ನು ಕಳಚಿ ಒಬ್ಬರ ಕೈಗೆ ಒಪ್ಪಿಸುವ ಅಧಿಕಾರ ಶಾಸನಸಭೆಗೆ ಇಲ್ಲ. ಹಾಗಾಗಿ ಅದನ್ನು ಹಿಂತೆಗೆದುಕೊಂಡದ್ದು ಸರಿ.

ಮಿಚಿಗನ್ ಸರೋವರದಲ್ಲಿ ಹೇಳಿಕೊಳ್ಳುವಂಥ ಉಬ್ಬರವಿಳಿತವಿಲ್ಲ ಎಂಬುದನ್ನೂ ಗಮನಿಸಿ. ಕಡಲಂಚಿನ ತತ್ವ ಹೀಗೆ ಸಿಹಿನೀರಿಗೂ ಇಳಿಯಿತು. 1971ರಲ್ಲಿ ಕ್ಯಾಲಿಫೋರ್ನಿಯಾದ ಟೊಮಾಲೆಸ್ ಕೊಲ್ಲಿಯ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ಅಳಿವೆಯ ನೆಲ ಮೀನುಗಾರಿಕೆಗೂ ದೋಣಿಗೂ ಮಾತ್ರವಲ್ಲ, ಹಕ್ಕಿಗಳಿಗೆ, ಜಲಚರಗಳಿಗೆ, ವೈಜ್ಞಾನಿಕ ಅಧ್ಯಯನಕ್ಕೆ ಇದ್ದ ಸ್ಥಿತಿಯಲ್ಲೇ ಉಳಿಸುವುದೂ ಸಾರ್ವಜನಿಕ ಉಪಯೋಗವೇ ಎಂದಿತು. ಅಲ್ಲಿಯವರೆಗೆ ‘ಸುಮ್ಮನೆ ಬಿದ್ದಿರುವ ಜಾಗ’ ಎನಿಸಿಕೊಂಡಿದ್ದಕ್ಕೆ ಕಾನೂನಿನಲ್ಲಿ ಒಂದು ಬೆಲೆ ಬಂತು.

ನಮ್ಮ ದೇಶದಲ್ಲಿ

ಭಾರತದಲ್ಲಿ ಈ ತತ್ವ ಬಾಗಿಲು ತಟ್ಟಿದ್ದು ಕಡಲ ಕಡೆಯಿಂದಲ್ಲ, ಹಿಮಾಲಯದಿಂದ. ಕುಲು–ಮನಾಲಿಯ ಬಿಯಾಸ್ ನದಿಯ ಪಕ್ಕದಲ್ಲಿ ಒಂದು ಹೋಟೆಲ್ ಕಂಪನಿ ಅರಣ್ಯಭೂಮಿಯನ್ನು ಗುತ್ತಿಗೆ ಪಡೆದು, ತನ್ನ ಕಟ್ಟಡವನ್ನು ಪ್ರವಾಹದಿಂದ ರಕ್ಷಿಸಿಕೊಳ್ಳಲು ನದಿಯ ಹರಿವನ್ನೇ ತಿರುಗಿಸಿತ್ತು. ಪತ್ರಿಕೆಯಲ್ಲಿ ಬಂದ ವರದಿಯನ್ನು ಓದಿ ಸರ್ವೋಚ್ಚ ನ್ಯಾಯಾಲಯ ತಾನಾಗಿ ವಿಚಾರಣೆಗೆ ತೆಗೆದುಕೊಂಡಿತು. 1996ರ ಡಿಸೆಂಬರ್ 13ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಮತ್ತು ನ್ಯಾಯಮೂರ್ತಿ ಸಗೀರ್ ಅಹ್ಮದ್ ಅವರ ಪೀಠ ಗುತ್ತಿಗೆಯನ್ನು ರದ್ದುಮಾಡಿತು. ರೋಮನ್ ಕಾನೂನು, ಚಿಕಾಗೋ ತೀರ್ಪು, ಅಮೆರಿಕದ ಪ್ರಾಧ್ಯಾಪಕ ಜೋಸೆಫ್ ಸ್ಯಾಕ್ಸ್ 1970ರಲ್ಲಿ ಬರೆದ ಲೇಖನ, ಎಲ್ಲವನ್ನೂ ಅವಲೋಕಿಸಿ, ಈ ತತ್ವ ನಮ್ಮ ನೆಲದ ಕಾನೂನಿನ ಭಾಗವೇ ಆಗಿದೆ ಎಂದು ಸಾರಿತು. ಸಮುದ್ರದ ದಡ, ಹರಿಯುವ ನೀರು, ಗಾಳಿ, ಅರಣ್ಯ, ಇವುಗಳಿಗೆ ಸರ್ಕಾರ ನ್ಯಾಸಧಾರಿ, ಜನರು ಫಲಾನುಭವಿಗಳು. ಎಂ.ಸಿ. ಮೆಹ್ತಾ ವಿರುದ್ಧ ಕಮಲ್‌ನಾಥ್ ಎಂದು ಕಾನೂನು ಪುಸ್ತಕಗಳಲ್ಲಿ ಇದು ಪ್ರಸಿದ್ಧ. ಮುಂದೆ ಇದೇ ತತ್ವ ಊರ ಕೆರೆಗಳಿಗೆ, ಉದ್ಯಾನಗಳಿಗೆ, 2012ರಲ್ಲಿ ದೂರಸಂಪರ್ಕದ ತರಂಗಾಂತರಕ್ಕೂ ಅನ್ವಯವಾಯಿತು.

ಅದಕ್ಕೆ ಎರಡೇ ದಿನ ಮೊದಲು ಇದೇ ಪೀಠ ಗಾಂಧಿವಾದಿ ಎಸ್. ಜಗನ್ನಾಥನ್ ಅವರ ಅರ್ಜಿಯ ಮೇಲೆ ಕರಾವಳಿ ನಿಯಂತ್ರಣ ವಲಯದೊಳಗಿನ ಸಿಗಡಿ ಕೆರೆಗಳನ್ನು ತೆಗೆಸಬೇಕೆಂದು ಆದೇಶಿಸಿತ್ತು. ಉಪ್ಪುನೀರು ಜಿನುಗಿ ಬಾವಿಗಳು, ಗದ್ದೆಗಳು ಕೆಟ್ಟುಹೋಗುತ್ತಿವೆ, ಕಡಲಿಗೆ ಹೋಗುವ ದಾರಿ ಮುಚ್ಚಿದೆ ಎಂಬುದು ಜನರ ದೂರಾಗಿತ್ತು. ಆದರೆ 2005ರಲ್ಲಿ ಸಂಸತ್ತು ಕರಾವಳಿ ಜಲಕೃಷಿ ಪ್ರಾಧಿಕಾರ ಕಾಯ್ದೆಯನ್ನು ಮಾಡಿ, ನೋಂದಣಿಯ ಷರತ್ತಿನ ಮೇಲೆ ಸಿಗಡಿ ಕೃಷಿಗೆ ಮತ್ತೆ ದಾರಿಮಾಡಿಕೊಟ್ಟಿತು.

ಈ ‘ಕರಾವಳಿ ನಿಯಂತ್ರಣ ವಲಯ’ ಎಂದರೇನು? ಊರವರ ಬಾಯಲ್ಲಿ ಅದು ಸಿ.ಆರ್.ಝಡ್. 1981ರ ನವೆಂಬರಿನಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರು ದೂರದವರೆಗೆ ದಡವನ್ನು ತೆರವಾಗಿ ಉಳಿಸಬೇಕೆಂದು ಸೂಚಿಸಿದ್ದರು. ಪತ್ರ ಕಾನೂನಾಗಲು ಹತ್ತು ವರ್ಷ ಬೇಕಾಯಿತು. 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1991ರ ಫೆಬ್ರವರಿ 19ರಂದು ಅಧಿಸೂಚನೆ ಹೊರಬಿತ್ತು. ನೀವು ಎಳೆದ ಎರಡು ಗೆರೆಗಳ ನಡುವಿನ ನೆಲ ಅತಿ ಕಟ್ಟುನಿಟ್ಟಿನ ವರ್ಗಕ್ಕೆ ಸೇರಿತು. ಗ್ರಾಮೀಣ ಭಾಗದಲ್ಲಿ ಮೇಲಿನ ಗೆರೆಯಿಂದ 200 ಮೀಟರಿನವರೆಗೆ ಹೊಸ ಕಟ್ಟಡ ಕೂಡದು ಎಂದಾಯಿತು. ಇದು ಹಲವು ಬಾರಿ ತಿದ್ದುಪಡಿಯಾಗಿದೆ. 1994ರಲ್ಲಿ ನದಿ–ಹಿನ್ನೀರುಗಳ ಪಕ್ಕದ 100 ಮೀಟರನ್ನು 50ಕ್ಕೆ ಇಳಿಸಿದಾಗ ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಅದನ್ನು ತಳ್ಳಿಹಾಕಿತು. 2011ರಲ್ಲಿ ಹೊಸ ಅಧಿಸೂಚನೆ ಬಂತು. 2019ರ ಅಧಿಸೂಚನೆಯಲ್ಲಿ ಅದೇ 50 ಮೀಟರು ಮತ್ತೆ ಕಾಣಿಸಿಕೊಂಡಿತು. ಜನಸಾಂದ್ರತೆ ಹೆಚ್ಚಿರುವ ಗ್ರಾಮೀಣ ಕರಾವಳಿಯಲ್ಲಿಯೂ 200 ಮೀಟರಿನ ನಿಷೇಧ 50ಕ್ಕೆ ಇಳಿಯಿತು. ಗೆರೆ ಕಡಲಿನಿಂದಲೇ ಸರಿಯಬೇಕೆಂದಿಲ್ಲ, ಕಡತದಲ್ಲಿಯೂ ಸರಿಯುತ್ತದೆ.

ಕರ್ನಾಟಕದ ಮಾತಿಗೆ ಬರೋಣ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೆಯ ಕಲಮು ಓದಿದರೆ, ಸಮುದ್ರದ ತಳ, ಉಬ್ಬರದ ಮಟ್ಟಕ್ಕಿಂತ ಕೆಳಗಿನ ಬಂದರು ಹಾಗೂ ಉಪ್ಪುನೀರಿನ ತೊರೆಗಳ ತಳ, ನದಿ, ಹಳ್ಳ, ಕೆರೆ ಎಲ್ಲವೂ ರಾಜ್ಯ ಸರ್ಕಾರದ ಸ್ವತ್ತು ಎಂದಿದೆ. ಇಷ್ಟೇ ಓದಿದವನು ‘ಸರ್ಕಾರದ್ದು, ಸರ್ಕಾರ ಏನಾದರೂ ಮಾಡಬಹುದು’ ಎನ್ನುತ್ತಾನೆ. ನಿಮ್ಮ ಸೈಕಲ್ ನಿಮ್ಮದು, ಬೇಕಾದರೆ ಮಾರುತ್ತೀರಿ. ಸರ್ಕಾರಕ್ಕೆ ಸಮುದ್ರದ ದಡ ಹಾಗೆ ನಿಮ್ಮ ಸೈಕಲ್ಲಲ್ಲ ಎಂದು ಹೇಳುವುದೇ ನ್ಯಾಸ ತತ್ವದ ಕೆಲಸ.

ಕುಮಟಾ ಬಳಿಯ ಅಘನಾಶಿನಿ ಅಳಿವೆಯನ್ನು ನೋಡಿದರೆ ಈ ಪದರಗಳು ಕಣ್ಣಿಗೇ ಕಾಣುತ್ತವೆ. ಅಲ್ಲಿನ ಗಜನಿ ಭೂಮಿಗಳಿಗೆ ಪಹಣಿ ಇದೆ, ಒಡೆಯರಿದ್ದಾರೆ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಎಂಬ, ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಬತ್ತ ಬೆಳೆಯುತ್ತದೆ. ಕೊಯ್ಲಾದ ಮೇಲೆ ಉಪ್ಪುನೀರು ಒಳಗೆ ಬಂದು ಅದೇ ಗದ್ದೆ ಮೀನು, ಸಿಗಡಿಗಳ ತಾಣ. ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರು ಬಯಲಿನಲ್ಲಿ ಹೆಂಗಸರು ಗಂಡಸರು ಇಳಿದು ಚಿಪ್ಪಿಕಲ್ಲು ಆರಿಸುತ್ತಾರೆ. ಅದಕ್ಕೆ ಪಹಣಿ ಯಾರ ಹೆಸರಿನಲ್ಲೂ ಇಲ್ಲ, ಆದರೆ ಸಾವಿರಾರು ಕುಟುಂಬಗಳ ಅಡುಗೆಮನೆ ಅದರಿಂದ ನಡೆಯುತ್ತದೆ. ಪಕ್ಕದಲ್ಲೇ ಸಾಣಿಕಟ್ಟಾದ ಉಪ್ಪಿನ ಆಗರ. 2024ರಲ್ಲಿ ಈ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎನಿಸಿತು.

ದಾರಿ ಮುಚ್ಚಿದರೆ

ದಡ ಎಲ್ಲರದು ಎಂದಾಯಿತು. ಆದರೆ ದಡಕ್ಕೆ ಹೋಗುವ ದಾರಿ? ಗೋವಾದ ಪಣಜಿಯ ಹತ್ತಿರ ದೋನಾ ಪಾವ್ಲಾದಲ್ಲಿ ವಾಯಂಗಿಣಿ ಎಂಬ ಕಡಲತೀರವಿದೆ. ಒಂದು ಹೋಟೆಲಿಗಾಗಿ ಸರ್ಕಾರ ಜಮೀನು ಸ್ವಾಧೀನಪಡಿಸಿಕೊಂಡು ಕೊಟ್ಟಾಗ, ಜನರು ತೀರಕ್ಕೆ ಹೋಗುವ ದಾರಿಯನ್ನು ಬಿಡಬೇಕೆಂಬ ಕರಾರಿತ್ತು. ನಂತರ ಹೋಟೆಲಿನ ವಿಸ್ತರಣೆ ಆ ಜಾಗದ ಮೇಲೆಯೇ ಬಂತು. ತೀರ ಯಾರದೂ ಅಲ್ಲದಿದ್ದರೂ, ಹೋಟೆಲಿನೊಳಗಿಂದ ಹೋಗಬಲ್ಲವರಿಗೆ ಮಾತ್ರ ಅದು ತೀರ! ಊರವರು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಗೆದ್ದರು. 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ನ್ಯಾಸ ತತ್ವವನ್ನು ಆಧರಿಸಿ ಅದನ್ನೇ ಎತ್ತಿಹಿಡಿದು, ಕಟ್ಟಡದ ಆ ಭಾಗವನ್ನು ಕೆಡವಲು ಮೂರು ತಿಂಗಳ ಗಡುವು ಕೊಟ್ಟಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಪಾಠಪುಸ್ತಕಕ್ಕೆ ಚೆನ್ನಾಗಿತ್ತು. ಆದರೆ ಅದೇ ವರ್ಷ ಗೋವಾದಲ್ಲಿ ಭೂಸ್ವಾಧೀನ ಕಾನೂನಿಗೆ ಹಿಂದಿನ ದಿನಾಂಕದಿಂದ ಅನ್ವಯವಾಗುವಂತೆ ತಿದ್ದುಪಡಿ ತಂದು ಕಟ್ಟಡವನ್ನು ಉಳಿಸಲಾಯಿತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ತಿದ್ದುಪಡಿಯನ್ನು ಒಪ್ಪಿತು. ನ್ಯಾಸಧಾರಿಯೇ ನಿಯಮ ಬರೆಯುವವನೂ ಆಗಿದ್ದಾಗ ಬರುವ ತೊಡಕು ಇದು. ಚಿಕಾಗೋದಲ್ಲಿ ಶಾಸನಸಭೆ ತಪ್ಪು ಮಾಡಿ ತಿದ್ದಿಕೊಂಡಿತು, ಇಲ್ಲಿ ದಿಕ್ಕು ತಿರುಗಿತು.

ಇನ್ನೊಂದು ಕಡೆ, ನಿಯಮವನ್ನು ಗಾಳಿಗೆ ತೂರಿದವರಿಗೆ ಬಿಸಿ ತಟ್ಟಿದ್ದೂ ಇದೆ. ಕೇರಳದ ಮರಡುವಿನಲ್ಲಿ ಹಿನ್ನೀರಿನ ಅಂಚಿಗೆ ಪಂಚಾಯಿತಿಯ ಪರವಾನಗಿಯಿಂದ ಎದ್ದ ನಾಲ್ಕು ಬಹುಮಹಡಿ ವಸತಿ ಸಮುಚ್ಚಯಗಳನ್ನು ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಬಳಸಿ ಉರುಳಿಸಲಾಯಿತು. ದೂರದರ್ಶನದಲ್ಲಿ ನೀವೂ ನೋಡಿರಬಹುದು. ಸಾಲ ಮಾಡಿ ಮನೆ ಕೊಂಡವರು ದೂರದಲ್ಲಿ ನಿಂತು ನೋಡುತ್ತಿದ್ದರು.

ನನಗೆ ಹೆಚ್ಚು ನೋವೆನಿಸುವುದು ಸಣ್ಣ ಮನೆಗಳ ಪ್ರಶ್ನೆ. ತಲೆಮಾರುಗಳಿಂದ ದಡದಲ್ಲೇ ಇರುವ ಎಷ್ಟೋ ಮೀನುಗಾರ ಕುಟುಂಬಗಳಿಗೆ ಹಕ್ಕುಪತ್ರವಿಲ್ಲ. ಸೋರುವ ಮಾಡನ್ನು ಬದಲಿಸಲು ಹೊರಟರೂ ಸಿ.ಆರ್.ಝಡ್. ಅಡ್ಡ ಬರುತ್ತದೆ. 2011ರ ಅಧಿಸೂಚನೆಯಲ್ಲಿ 100ರಿಂದ 200 ಮೀಟರುಗಳ ನಡುವೆ ಸ್ಥಳೀಯ ಸಮುದಾಯಗಳ ಮನೆಗಳಿಗೆ ಅವಕಾಶವಾದದ್ದು ಇಂಥ ಕೂಗಿನಿಂದಲೇ. ನಿಯಮವನ್ನು ಪೂರ್ತಿ ಸಡಿಲಿಸಿದರೆ ಮೊದಲು ಬರುವುದು ರೆಸಾರ್ಟು. ಬಿಗಿಗೊಳಿಸಿದರೆ ಮೊದಲು ಸಿಕ್ಕಿಬೀಳುವುದು ಗುಡಿಸಲು.

ಬಂದರಿನ ವಿಷಯ ಇನ್ನೂ ಜಟಿಲ. ನೌಕಾಸಂಚಾರವೂ ಸಾರ್ವಜನಿಕ ಉಪಯೋಗವೇ ಆದ್ದರಿಂದ ಬಂದರು ಬೇಡವೆನ್ನಲು ನ್ಯಾಸ ತತ್ವವೊಂದೇ ಸಾಲದು. 2020ರ ಜನವರಿಯಲ್ಲಿ ಕಾರವಾರದ ಮೀನುಗಾರರು ಬಂದರು ವಿಸ್ತರಣೆಯ ವಿರುದ್ಧ ಬೀದಿಗಿಳಿದರು. ಟಾಗೋರ್ ಕಡಲತೀರ ಹೋದರೆ ದೋಣಿ ಎಳೆದಿಡಲು, ಬಲೆ ಹಾಕಲು ಉಳಿಯುವ ದಡವೆಲ್ಲಿ ಎಂಬುದು ಅವರ ಪ್ರಶ್ನೆ. ಹಡಗಿನ ಹಕ್ಕು ಮತ್ತು ದೋಣಿಯ ಹಕ್ಕು, ಎರಡೂ ಸಾರ್ವಜನಿಕವೇ. ಯಾವುದನ್ನು ಎಷ್ಟು ತೂಗಬೇಕು? ನಿಮ್ಮ ಕಾಲೇಜಿನ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗಲಾರದು.

ಕೊನೆಗೆ, ನೀವು ಹಾಳೆಯ ಮೇಲೆ ಎಳೆದ ಗೆರೆಗಳಿಗೆ ಹಿಂತಿರುಗೋಣ. ಅವನ್ನು ಪೆನ್ಸಿಲಿನಲ್ಲಿ ಎಳೆದಿದ್ದರೆ ಒಳ್ಳೆಯದು. ಕಡಲು ನಿಧಾನವಾಗಿ ಮರಳು ತಂದು ಹಾಕಿದರೆ ದಡದ ಜಮೀನು ಬೆಳೆಯುತ್ತದೆ, ನಿಧಾನವಾಗಿ ಕೊರೆದರೆ ಅಷ್ಟು ಕಳೆಯುತ್ತದೆ, ಗಡಿ ನೀರಿನ ಹಿಂದೆ ಹೋಗುತ್ತದೆ ಎಂಬುದು ಇಂಗ್ಲಿಷ್ ಕಾನೂನಿನ ಹಳೆಯ ಸೂತ್ರ. ಉಳ್ಳಾಲದ ಕಡೆ ಕಡಲ್ಕೊರೆತ ಪ್ರತಿ ಮಳೆಗಾಲದ ಸುದ್ದಿ. ಸಮುದ್ರದ ಮಟ್ಟ ಏರುತ್ತಿರುವಾಗ ಮೇಲಿನ ಗೆರೆ ಒಳನಾಡಿನ ಕಡೆಗೇ ನಡೆಯುತ್ತದೆ. ಕಲ್ಲಿನ ತಡೆಗೋಡೆ ಹಾಕಿದರೆ ಮನೆ ಸ್ವಲ್ಪ ಕಾಲ ಉಳಿಯಬಹುದು, ಆದರೆ ಗೋಡೆಯ ಮುಂದಿನ ಮರಳು ಕರಗಿ ಎರಡು ಗೆರೆಗಳ ನಡುವಿನ ನೆಲವೇ ಇಲ್ಲವಾಗಬಹುದು. ಗೋಡೆ ಇಲ್ಲದಿದ್ದರೆ ಇಂದು ತೆಂಗಿನ ಬುಡವಿರುವ ಜಾಗ ನಾಳೆ ಎಲ್ಲರ ಒದ್ದೆ ಮರಳು. ಆಗಲೂ ಆ ಮನೆಯವರ ಪೆಟ್ಟಿಗೆಯಲ್ಲಿ ಇಷ್ಟು ಸೆಂಟ್ಸ್ ಎಂದು ಬರೆದ ಪಹಣಿ ಇರುತ್ತದೆ, ಹಳೆಯ ಕಂದಾಯದ ರಸೀದಿಯೂ ಇರುತ್ತದೆ.